ಸಹಾಯ ಬೇಕು: ಡೆಮೊ ಕ್ಯಾಸೆಟ್‌ನ ಸರಿಯಾದ ಶ್ರುತಿ ಯಾವುದು?

ಕಾಸರಗೋಡಿನ ನಾವು ಕೆಲವು ಸ್ಲೀಜ್ ರಾಕ್ (ಒರಟು ಬಗೆಯ ಹಾರ್ಡ್ ರಾಕ್) ಅಭಿಮಾನಿಗಳು ಲಾಸ್ ಏಂಜಲೀಸ್‌ನ ಭೂಗತ ಬ್ಯಾಂಡೊಂದರ ಹಳೇ ಡೆಮೊ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸ್ತಾ ಇದ್ದೇವೆ. ಹೆಡ್ ಒರೆಸಿ, ಅಜಿಮತ್ ಸ್ಕ್ರೂ (ಹೆಡ್ಡಿನ ಓರೆ ಸರಿಮಾಡುವಂಥದ್ದು) ತಿರುಗಿಸಿದ ಮೇಲೆ ಸಿಂಬಲ್ ಸದ್ದು ಚೆನ್ನಾಗಿ ಬಿಡಿಸಿಕೊಂಡಿತು. ತೊಂದರೆ ಶ್ರುತಿಯದ್ದು. ಗಿಟಾರಿನ ದಪ್ಪ ತಂತಿ 80 ಹರ್ಟ್ಸ್ ತೋರಿಸ್ತದೆ. ಮಾಮೂಲಿ ಶ್ರುತಿಯ ಇ (E) ಸ್ವರ ಆದರೆ 82.4 ಬರಬೇಕು, ಅರ್ಧ ಸ್ವರ ಇಳಿಸಿದ್ದರೆ (ಈ ಶೈಲಿಯಲ್ಲಿ ಅದು ಮಾಮೂಲು) 77.8. ಇದು ಎರಡೂ ಅಲ್ಲ!

ಸ್ಪೆಕ್ಟ್ರಮ್‌ನಲ್ಲಿ (ಆವರ್ತನಗಳ ಗ್ರಾಫ್) 61.7 ಹರ್ಟ್ಸ್ ಹತ್ತಿರ ಒಂದು ಗುಂಯ್ ಉಂಟು. ಅದು ರೆಕಾರ್ಡಿಂಗ್‌ನಲ್ಲಿ ಸೇರಿಕೊಂಡ ಅಮೆರಿಕದ ಕರೆಂಟಿನ 60 ಹರ್ಟ್ಸ್ ಸದ್ದು ಆಗಿದ್ದರೆ ಟೇಪು ಜೋರಾಗಿ ಓಡ್ತಿದೆ, ಸುಮಾರು 2.8% ನಿಧಾನ ಮಾಡಬೇಕು. ಆದರೆ ಇದು ನಕಲಿನ ನಕಲು, ಆ ಗುಂಯ್ ನಡುವಿನ ಯಾವುದೋ ಡೆಕ್ಕಿನದ್ದೂ ಆಗಿರಬಹುದು.

ಅದನ್ನೇ ನಂಬಿ ವೇಗ ಸರಿಮಾಡಬಹುದಾ? ಮಂಗಳೂರು ಕಡೆ ಯಾರ ಹತ್ತಿರವಾದರೂ ಡೆಕ್ಕಿನ ವೇಗ ಪರೀಕ್ಷಿಸುವ 3150 ಹರ್ಟ್ಸ್ ಟೆಸ್ಟ್ ಟೇಪ್ ಉಂಟಾ?