ಪದಚರ್ಚೆ: ಪ್ರೊಗ್ನಾಸ್ಟಿಕ್, ಪ್ರಿಡಿಕ್ಟಿವ್ – ಎರಡಕ್ಕೂ ‘ಮುನ್ಸೂಚಕ’ ಸಾಕೇ?

ಪರೇಲ್, ಮುಂಬೈಯಿಂದ:

ಎಲ್ಲರಿಗೂ ನಮಸ್ಕಾರ. ಎರಡು ಪದ ತುರ್ತಾಗಿ ಬೇಕು. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆದವರ ಕೈಗೆ ಕೊಡುವ ಒಂದು ಹಾಳೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಚಿಕಿತ್ಸೆಗೆಂದು ಪರೇಲ್‌ಗೆ ಬರುವ ವಿಜಯಪುರ, ಬೆಳಗಾವಿ, ಕಲಬುರಗಿ ಕಡೆಯವರು ಓದಬೇಕು. ಮರಾಠಿ, ಹಿಂದಿ ಪ್ರತಿ ಸಿದ್ಧವಾಗಿದೆ. ನಮ್ಮದು ನಾಳೆ ಪ್ರೆಸ್ಸಿಗೆ ಹೋಗಬೇಕು.

ತೆಗೆದ ಗಡ್ಡೆಯನ್ನು ಪರೀಕ್ಷಿಸಿ ಡಾಕ್ಟರು ಎರಡು ವಿಷಯ ನೋಡುತ್ತಾರೆ. ಕಾಯಿಲೆ ಮುಂದೆ ಹೇಗೆ ಸಾಗಬಹುದು? ಅದನ್ನು ಹೇಳುವುದು ಪ್ರೊಗ್ನಾಸ್ಟಿಕ್ ಗುರುತು. ಈ ಕೀಮೋದಿಂದ ಇವರಿಗೆ ಲಾಭ ಇದೆಯಾ? ಅದನ್ನು ಹೇಳುವುದು ಪ್ರಿಡಿಕ್ಟಿವ್ ಗುರುತು. ನಾನು ನೋಡಿದ ಅನುವಾದಗಳಲ್ಲಿ ಎರಡಕ್ಕೂ ‘ಮುನ್ಸೂಚಕ’ ಅಂತಲೇ ಇದೆ. ಏನು ಮಾಡಲಿ?

ಪುಣೆಯಿಂದ:

‘ಮುನ್ಸೂಚನೆ’ ಮಳೆಗೆ ಸರಿ, ರೋಗಕ್ಕಲ್ಲ. ಪ್ರೊಗ್ನಾಸಿಸ್‌ಗೆ ನಮ್ಮಲ್ಲಿ ಮೊದಲಿನಿಂದಲೂ ಪದ ಇದೆ. ಆಯುರ್ವೇದದಲ್ಲಿ ರೋಗಗಳನ್ನು ಸಾಧ್ಯ (ಗುಣವಾಗುವುದು), ಕೃಚ್ಛ್ರಸಾಧ್ಯ (ಕಷ್ಟಪಟ್ಟರೆ ಗುಣವಾಗುವುದು), ಯಾಪ್ಯ (ಗುಣವಾಗದಿದ್ದರೂ ಹತೋಟಿಯಲ್ಲಿ ಇಡಬಹುದಾದದ್ದು), ಅಸಾಧ್ಯ (ಗುಣವಾಗದ್ದು) ಎಂದು ವಿಂಗಡಿಸಿದ್ದಾರೆ. ‘ಸಾಧ್ಯಾಸಾಧ್ಯತೆ’ ಅನ್ನಿ, ಮುಗಿಯಿತು. ಹಾಗೇ ಹಾಳೆಯಲ್ಲಿ ‘ಔಷಧಿ’ ಅಂತ ಹಾಕಿದ್ದರೆ ತಿದ್ದಿ. ಓಷಧಿ ಎಂದರೆ ಗಿಡ. ಅದರಿಂದ ಮಾಡಿದ್ದು ಔಷಧ. ಔಷಧಿ ಅನ್ನುವುದು ಎರಡೂ ಅಲ್ಲ.

ಡೊಂಬಿವಲಿಯಿಂದ:

ಆಪರೇಷನ್ ಮಾಡಿಸಿಕೊಂಡು ಮಲಗಿದವರಿಗೆ ‘ಕೃಚ್ಛ್ರಸಾಧ್ಯ’ ಓದಿಸುವುದು ಬೇಡ. ‘ಅಸಾಧ್ಯ’ವಂತೂ ಬೇಡವೇ ಬೇಡ, ಮನೆಯವರು ಕಂಗಾಲಾಗುತ್ತಾರೆ. ಮುನ್ + ಅರಿವು = ಮುನ್ನರಿವು. ಪ್ರೊ + ಗ್ನೋಸಿಸ್ ಅಂದರೂ ಅದೇ. ಕ್ಯಾನ್ಸರ್‌ಗೆ ಏಡಿಗಂತಿ, ಔಷಧಕ್ಕೆ ಮದ್ದು. ಕನ್ನಡದ್ದೇ ಬೇರು ಇರುವಾಗ ಸಂಸ್ಕೃತದಿಂದ ಯಾಕೆ ತರಬೇಕು?

ವಾಸ್ಕೊ, ಗೋವಾದಿಂದ:

ಏಡಿಗಂತಿ ಯಾರ ಬಾಯಲ್ಲಿ ಬರುತ್ತದೆ ಹೇಳಿ? ಗ್ರೀಕರು ಗಡ್ಡೆಯನ್ನು ಏಡಿ ಅಂದರು. ಅದು ಲ್ಯಾಟಿನ್‌ನಲ್ಲಿ ಕ್ಯಾನ್ಸರ್ ಆಯಿತು, ಮರಾಠಿಯವರು ‘ಕರ್ಕರೋಗ’ ಮಾಡಿಕೊಂಡರು. ನಮ್ಮ ಜನ ಕ್ಯಾನ್ಸರ್ ಅಂತಲೇ ಅನ್ನುತ್ತಾರೆ, ಅದೇ ಅರ್ಥವಾಗುತ್ತದೆ. ಬಟಾಟೆ, ಚಾವಿ ಪೋರ್ಚುಗೀಸರಿಂದ ಬಂದವು. ಕನ್ನಡ ಕೆಟ್ಟಿತೇ? ‘ಮದ್ದು’ ಪದವೂ ಎಲ್ಲ ಕಡೆ ಹಿತವಲ್ಲ. ಊರ ಕಡೆ ‘ಮದ್ದು ಹಾಕಿದಾರೆ’ ಅಂದರೆ ಯಾರೋ ಊಟದಲ್ಲಿ ವಿಷ ಬೆರೆಸಿದರು ಅಂತ ಅರ್ಥ. ಕೀಮೋಗೆ ಹೆದರಿ ಕೂತವರ ಮುಂದೆ ಆ ಮಾತು ಬೇಕಾ?

ಡೊಂಬಿವಲಿಯಿಂದ:

ಕರಾವಳಿಯಲ್ಲಿ ದಿನಾ ಮದ್ದು ಕುಡಿಯುತ್ತಾರೆ, ಯಾರೂ ಹೆದರುವುದಿಲ್ಲ. ಬಳಸದೆ ಬಿಟ್ಟರೆ ಯಾವ ಪದವೂ ಬಾಯಿಗೆ ಬರುವುದಿಲ್ಲ.

ಪರೇಲ್‌ನಿಂದ:

ಎರವಲು ಪದಗಳ ಜಗಳವನ್ನು ದಯವಿಟ್ಟು ಬೇರೆ ಎಳೆಯಲ್ಲಿ ಮುಂದುವರಿಸಿ. ನಾನು ಕೇಳಿದ್ದು ಎರಡು ಪದ. ಎಲ್ಲರೂ ಒಂದಕ್ಕೇ ಉತ್ತರ ಕೊಟ್ಟಿರಿ. ‘ಮುನ್ನರಿವು’ ಚೆನ್ನಾಗಿದೆ, ಆದರೆ ಪ್ರಿಡಿಕ್ಟಿವ್ ಕೂಡ ಮುನ್ನರಿವೇ ಅಲ್ವಾ?

ಈ ಎರಡನ್ನೂ ಯಾಕೆ ಬೇರೆ ಇಡಬೇಕು ಅಂತ ಒಂದು ಉದಾಹರಣೆ ಕೊಡುತ್ತೇನೆ. ಗಡ್ಡೆಯ ಡಿಎನ್‌ಎಯಲ್ಲಿ ತಿದ್ದದೆ ಉಳಿದ ತಪ್ಪುಗಳು ಎಷ್ಟಿವೆ ಅಂತ ನೋಡುವ ಎಂಎಸ್‌ಐ ಅನ್ನುವ ಪರೀಕ್ಷೆ ಇದೆ. ಎರಡನೇ ಹಂತದ ರೋಗಿಯಲ್ಲಿ ಅದು ‘ಹೈ’ ಬಂದರೆ ಕಾಯಿಲೆ ಮರುಕಳಿಸುವ ಸಂಭವ ಕಡಿಮೆ. ಇದು ಮೊದಲನೆಯ ಗುರುತು. ಅಂಥವರಿಗೆ ಬರೀ 5-ಎಫ್‌ಯು ಅನ್ನುವ ಕೀಮೋ ಔಷಧ ಕೊಟ್ಟರೆ ಲಾಭವೂ ಕಾಣುವುದಿಲ್ಲ. ಇದು ಎರಡನೆಯದು. ಪರೀಕ್ಷೆ ಒಂದೇ, ಉತ್ತರ ಎರಡು. ಎರಡಕ್ಕೂ ‘ಮುನ್ಸೂಚಕ’ ಅಂದರೆ ಓದಿದವರು ‘ನನ್ನ ಕಾಯಿಲೆ ಹಗುರ’ ಅಂತಷ್ಟೇ ತಿಳಿಯುತ್ತಾರೆ. ತಮಗೆ ಕೀಮೋ ಯಾಕೆ ಬೇಡ ಅಂದರು, ಪಕ್ಕದ ಮಂಚದವರಿಗೆ ಯಾಕೆ ಬೇಕು ಅಂದರು, ಇದು ಗೊತ್ತೇ ಆಗುವುದಿಲ್ಲ. ದುಡ್ಡಿಲ್ಲ ಅಂತ ನಮಗೆ ಕೊಡಲಿಲ್ಲ ಎಂದು ನೊಂದುಕೊಳ್ಳುವವರೂ ಇದ್ದಾರೆ.

ಕೀಮೋ ಕಡಿಮೆ ಮಾಡುವುದು ಈಗ ಚಿಕಿತ್ಸೆಯ ಒಂದು ಗುರಿಯೇ ಆಗಿದೆ. ಆಪರೇಷನ್ ನಂತರ ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಉಳಿದಿದೆಯಾ ಅಂತ ನೋಡಿ ಕೀಮೋ ನಿರ್ಧರಿಸಿದ ಆಸ್ಟ್ರೇಲಿಯಾದ ಅಧ್ಯಯನ 2022ರಲ್ಲಿ ಬಂತು. ಎರಡನೇ ಹಂತದ 455 ಜನ ಅದರಲ್ಲಿದ್ದರು. ಮಾಮೂಲಿ ಕ್ರಮದಲ್ಲಿ 100ಕ್ಕೆ 28 ಜನ ಕೀಮೋ ಪಡೆದರೆ, ಹೀಗೆ ನೋಡಿ ಕೊಟ್ಟಾಗ 15. ಆದರೂ ಎರಡು ವರ್ಷ ಕಾಯಿಲೆ ಮರುಕಳಿಸದೆ ಇದ್ದವರು ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ. ಕೀಮೋ ತಪ್ಪಿದರೆ ಆಗುವ ಲಾಭ ಸಣ್ಣದಲ್ಲ. ಆಕ್ಸಾಲಿಪ್ಲಾಟಿನ್ ಅನ್ನುವ ಕೀಮೋ ಔಷಧ ತಗೊಂಡವರನ್ನು ಕೇಳಿ. ಫ್ರಿಜ್ಜಿನ ನೀರಿನ ಬಾಟಲಿ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಕೆಲವರಿಗೆ ಅಂಗಾಲಿನ ಜೋಮು ಚಿಕಿತ್ಸೆ ಮುಗಿದ ಮೇಲೂ ಬಿಡುವುದಿಲ್ಲ.

ಇನ್ನೊಂದು. ‘ಐದು ವರ್ಷಗಳ ಬದುಕುಳಿಯುವಿಕೆ’ ಅಂತ ಬರೆದರೆ ಐದೇ ವರ್ಷ ಆಯುಷ್ಯ ಅಂತ ಓದಿಕೊಳ್ಳುತ್ತಾರೆ. ಅದಕ್ಕೆ ಪದವೇ ಬೇಡ, ವಾಕ್ಯ ಇರಲಿ: ‘ಈ ಹಂತದ ನೂರು ಜನರಲ್ಲಿ ಐದು ವರ್ಷ ಕಳೆದ ಮೇಲೂ ಬದುಕಿರುವವರು ಎಷ್ಟು’.

ಪುಣೆಯಿಂದ:

ಹಾಗಾದರೆ ‘ರೋಗಗತಿ ಸೂಚಕ’, ‘ಔಷಧಫಲ ಸೂಚಕ’.

ವಾಸ್ಕೊದಿಂದ:

ಮತ್ತೆ ಸಮಾಸ. ‘ಕಾಯಿಲೆಯ ದಾರಿ ಹೇಳುವ ಗುರುತು’, ‘ಔಷಧ ನಾಟುತ್ತದೆಯೇ ಎಂದು ಹೇಳುವ ಗುರುತು’. ಉದ್ದವಾದರೆ ಆಗಲಿ.

ಡೊಂಬಿವಲಿಯಿಂದ:

‘ನಾಟು’ ಒಳ್ಳೆಯ ಪದ. ಒಪ್ಪಿಗೆ. ಆದರೆ ಮದ್ದು ನಾಟುತ್ತದೆ, ಔಷಧ ಅಲ್ಲ.

ಪರೇಲ್‌ನಿಂದ:

ವಾಸ್ಕೊದವರ ಎರಡೂ ಸಾಲು ತಗೊಂಡೆ. ಔಷಧ ಅಂತಲೇ ಇರುತ್ತದೆ. ಇನ್ನು ‘ಲಿಂಫ್ ಗ್ರಂಥಿ’ ಅನ್ನುವ ಪದ ಉಳಿದಿದೆ. ಕ್ಯಾನ್ಸರ್ ಹರಡಿದೆಯಾ ಅಂತ ತಿಳಿಯಲು ಕಡೇಪಕ್ಷ 12 ಗ್ರಂಥಿ ನೋಡಿದ್ದಾರಾ ಅಂತ ರೋಗಿ ತಮ್ಮ ರಿಪೋರ್ಟಿನಲ್ಲಿ ಹುಡುಕಬೇಕು, ರಿಪೋರ್ಟಿನಲ್ಲಿ ಇರುವುದು ಲಿಂಫ್ ನೋಡ್ ಅಂತಲೇ. ನೋಡ್ ಅಂದರೆ ಗಂಟು, ಹಾಗಾಗಿ ‘ಲಿಂಫ್ ಗಂಟು’ ಅಂತ ಹಾಕುತ್ತಿದ್ದೇನೆ. ತಕರಾರಿದ್ದರೆ ಇವತ್ತು ರಾತ್ರಿಯೊಳಗೆ ಬರೆಯಿರಿ.