ಬಿಸಿಡಿ (ಡೈವಿಂಗ್‌ನಲ್ಲಿ ತೇಲುವುದನ್ನು ಹತೋಟಿಯಲ್ಲಿಡಲು ತೊಡುವ ಗಾಳಿ ಜಾಕೆಟ್) ತಾನಾಗಿ ಉಬ್ಬುತ್ತಿತ್ತು, ಮಾಸ್ಕ್ ತುಂಬ ಮಂಜು ಬೇರೆ. ತಪ್ಪು ಎಲ್ಲಾಯ್ತು?

ಮೀನ್‌ಮರಿ: ಓಪನ್ ವಾಟರ್ ಕೋರ್ಸ್ (ಸ್ಕೂಬಾ ಡೈವಿಂಗ್‌ನ ಮೊದಲ ಹಂತದ ತರಬೇತಿ) ಮುಗಿಸಿ ಮೊನ್ನೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವ್‌ಗೆ ಹೋಗಿದ್ದೆ. ಗೇರ್ ಎಲ್ಲ ಬಾಡಿಗೆಯದು. ಮಾಸ್ಕ್ ಮಾತ್ರ ನನ್ನದು, ಹೊಚ್ಚ ಹೊಸದು. ಉಗುಳು ಹಚ್ಚಿ ತೊಳೆದಿದ್ದರೂ ಇಳಿದ ಐದೇ ನಿಮಿಷಕ್ಕೆ ಒಳಗೆಲ್ಲ ಮಂಜು. ಅದು ಹೋಗ್ಲಿ. 10 ಮೀಟರ್ ಆಳದಲ್ಲಿ ಸುಮ್ನೆ ಮೇಲಕ್ಕೆ ತೇಲತೊಡಗಿದೆ. ಗಾಳಿ ಬಿಟ್ಟರೂ ಮತ್ತೆ ಅದೇ ಕಥೆ. ಗೈಡ್ ಬಂದು ಹಿಡಿದುಕೊಂಡರು, ಡೈವ್ ಅಲ್ಲಿಗೇ ಮುಗೀತು. ತಪ್ಪು ನನ್ನದಾ, ಗೇರಿನದಾ?

ಹಳೇ ಫಿನ್: ಮೊದಲು ಇದನ್ನು ಹೇಳಿ. ಗಾಳಿ ತುಂಬುವ ಬಟನ್ ಮುಟ್ಟದೆ ಒಂದೇ ಆಳದಲ್ಲಿದ್ದಾಗಲೂ ಬಿಸಿಡಿ ಬಿಗಿಯಾಗುತ್ತಿತ್ತಾ? ಸ್ವಲ್ಪ ಮೇಲೆ ಬಂದರೆ ಒಳಗಿನ ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದಕ್ಕೆ ಇನ್ನೂ ಮೇಲೆ ಹೋಗುತ್ತೀರಿ. 10 ಮೀಟರಿನಲ್ಲಿ ಒಂದು ಲೀಟರ್ ಇದ್ದ ಗಾಳಿ ನೀರಿನ ಮೇಲೆ ಬಂದಾಗ ಎರಡು ಲೀಟರ್. ಹೊಸಬರಿಗೆಲ್ಲ ಆಗುವುದೇ ಇದು.

ಮೀನ್‌ಮರಿ: ಮರಳಿನ ಮೇಲೆ ಮೊಣಕಾಲೂರಿ ಕೂತಿದ್ದೆ. ಎಡಗಿವಿ ಹತ್ತಿರ ಸಣ್ಣಗೆ ‘ಸ್ಸ್’ ಅನ್ನುತ್ತಿತ್ತು. ಪಕ್ಕೆ ಬಿಗಿದು ಬಂತು.

ಹಳೇ ಫಿನ್: ಹಾಗಾದರೆ ಇನ್‌ಫ್ಲೇಟರ್ (ಟ್ಯಾಂಕಿನ ಗಾಳಿಯನ್ನು ಬಿಸಿಡಿಗೆ ಬಿಡುವ ಬಟನ್ ಇರುವ ಭಾಗ) ಸೋರುತ್ತಿದೆ. ಉಪ್ಪು ಗಟ್ಟಿಯಾಗಿಯೋ ಮರಳು ಸೇರಿಯೋ ಬಟನ್ ಪೂರ್ತಿ ವಾಪಸ್ ಬರುವುದಿಲ್ಲ. ಬಾಡಿಗೆ ಗೇರಿನಲ್ಲಿ ಇದು ಜಾಸ್ತಿ. ನೀವು ಗಾಳಿ ಬಿಡುತ್ತಿದ್ದಿರಿ, ಅದು ತುಂಬುತ್ತಿತ್ತು. ನಲ್ಲಿ ನಿಲ್ಲಿಸದೆ ನೆಲ ಒರೆಸಿದ ಹಾಗೆ.

ಮಾಡಬೇಕಾದ್ದು ಒಂದೇ, ಹೋಸ್ ಬಿಚ್ಚುವುದು. ಇನ್‌ಫ್ಲೇಟರಿಗೆ ಸೇರುವ ಸಣ್ಣ ಹೋಸಿನ ತುದಿಯಲ್ಲಿ ಲೋಹದ ಬಳೆ ಇದೆಯಲ್ಲ, ಅದನ್ನು ಹಿಂದಕ್ಕೆ ಎಳೆದರೆ ಹೋಸ್ ಕಳಚಿ ಬರುತ್ತದೆ. ಇನ್ನೊಂದು ಕೈಯಲ್ಲಿ ಡಂಪ್ ವಾಲ್ವ್ (ಬಿಸಿಡಿಯ ಗಾಳಿ ಹೊರಬಿಡುವ ವಾಲ್ವ್) ಎಳೆದು ಗಾಳಿ ಬಿಡುತ್ತಿರಿ. ಉಸಿರು ಮಾತ್ರ ಯಾವ ಕಾರಣಕ್ಕೂ ಹಿಡಿಯಬೇಡಿ. ಹೋಸ್ ಬಿಚ್ಚಿದರೆ ನೀವು ಉಸಿರಾಡುವ ರೆಗ್ಯುಲೇಟರಿಗೆ ಏನೂ ಆಗದು, ಅದರ ಹೋಸೇ ಬೇರೆ. ಆಮೇಲೆ ಬಡ್ಡಿಗೆ, ಅಂದರೆ ಜೊತೆಗಿಳಿದ ಡೈವರ್‌ಗೆ, ಸನ್ನೆ ಮಾಡಿ ಜೊತೆಯಲ್ಲೇ ನಿಧಾನಕ್ಕೆ ಮೇಲೆ ಬನ್ನಿ. ಮೇಲೆ ತೇಲಲು ಬಾಯಿಂದ ಊದಿದರಾಯ್ತು.

ಇದನ್ನು ದೋಣಿಯಲ್ಲೇ ಹಿಡಿಯಬಹುದಿತ್ತು. ಟ್ಯಾಂಕ್ ತೆರೆದು, ಬಿಸಿಡಿಗೆ ಅರ್ಧ ಗಾಳಿ ತುಂಬಿ ಐದು ನಿಮಿಷ ಬಿಡಿ. ಬಿಗಿಯಾದರೆ ಬೇರೆ ಕೇಳಿ. ಕೇಳೋಕೆ ಸಂಕೋಚ ಬೇಡ, ದುಡ್ಡು ಕೊಟ್ಟಿದ್ದೀರಿ.

ಮೀಸೆಮಾವ: ಮಾಸ್ಕ್ ವಿಷಯ ನನ್ನದು. ಹೊಸ ಗಾಜಿಗೆ ಫ್ಯಾಕ್ಟರಿಯಿಂದಲೇ ತೆಳುವಾದ ಪೊರೆ ಅಂಟಿರುತ್ತದೆ. ಅದು ಹೋಗುವವರೆಗೂ ಎಷ್ಟು ಉಗುಳಿದರೂ ಅಷ್ಟೆ! ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟ್ ಹಚ್ಚಿ, ಗಾಜಿನ ಒಳಬದಿಯನ್ನು ಬೆರಳಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ. ಎರಡು ಮೂರು ಸಲ ಬೇಕಾಗಬಹುದು. ಪ್ಲಾಸ್ಟಿಕ್ ಲೆನ್ಸ್ ಆದರೆ ಬೇಡ, ಗೀರು ಬೀಳುತ್ತದೆ. ಡೈವ್ ದಿನ ಬೇಬಿ ಶಾಂಪೂ ಒಂದು ತೊಟ್ಟು ಸಾಕು.

ನೀರೂ ಸೋರುತ್ತಿದ್ದರೆ ಪಟ್ಟಿ ಇನ್ನಷ್ಟು ಬಿಗಿಯಬೇಡಿ, ಅಂಚು ಸೊಟ್ಟಗಾಗಿ ಜಾಸ್ತಿ ಸೋರುತ್ತದೆ. ಕೂದಲು ಸಿಕ್ಕಿದೆಯಾ ನೋಡಿ. ನನಗಂತೂ ಮೀಸೆಯದೇ ಕಾಟ. ಮನೆಯವಳು ಬೋಳಿಸು ಅನ್ನುತ್ತಾಳೆ, ನಾನು ಮೂಗಿನ ಕೆಳಗೆ ವ್ಯಾಸಲೀನ್ ಬದಲು ಸಿಲಿಕೋನ್ ಗ್ರೀಸ್ ಹಚ್ಚಿಕೊಂಡು ಇಳಿಯುತ್ತೇನೆ.

ಮೀನ್‌ಮರಿ: ನಿನ್ನೆ ಮತ್ತೆ ಹೋಗಿ ಬಂದೆ. ಕಣ್ಣು ಮುಚ್ಚಿಕೊಂಡು ಹೋಸ್ ಬಿಚ್ಚಿ ಹಾಕುವುದನ್ನು ದೋಣಿಯಲ್ಲೇ ಹತ್ತು ಸಲ ಮಾಡಿದೆ, ಪಕ್ಕದವರು ನಕ್ಕರು. ಕೊಟ್ಟ ಮೊದಲ ಬಿಸಿಡಿ ಮೂರೇ ನಿಮಿಷಕ್ಕೆ ಬಿಗಿಯಾಯ್ತು. ಬದಲಾಯಿಸಿಕೊಂಡೆ. ಮಾಸ್ಕ್ ಕನ್ನಡಿ ಹಾಗಿತ್ತು, ಆಮೆ ಕಂಡಿತು.