'ಮಾಲು ಹಾಕಿ ಹೋದ್ರು': ಮಾರಿದರೋ, ಇಟ್ಟರೋ?

ಬಳಗದವರಿಗೆ ನಮಸ್ಕಾರ.

ರಾಯಚೂರಿನ ವಕೀಲರೊಬ್ಬರ ಬಳಿ ಸಾಕ್ಷಿ ಹೇಳಿಕೆಗಳನ್ನು ಇಂಗ್ಲಿಷಿಗೆ ತರುವ ಕೆಲಸ ನನ್ನದು. ಮೇಲ್ಮನವಿ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗುವಾಗ ಬೇಕಾಗುತ್ತದೆ. ಈಗ ಒಂದೇ ಒಂದು ಕ್ರಿಯಾಪದ ಎರಡು ದಿನದಿಂದ ಕಾಡುತ್ತಿದೆ.

ಕೀಟನಾಶಕ ಕಂಪನಿಗೂ ಮಾನ್ವಿ ಕಡೆಯ ಡೀಲರಿಗೂ ಬಾಕಿ ಹಣದ ವ್ಯಾಜ್ಯ. ಡೀಲರ್ ಹೇಳಿದ್ದು: "ಮಾರ್ಚ್ ಎಂಡಿಂಗ್ ಐತಿ ಅಂತ ಕಂಪ್ನಿಯವ್ರು ನಲವತ್ತು ಪೆಟ್ಟಿಗಿ ಎಣ್ಣಿ ಹಾಕಿ ಹೋದ್ರು ರೀ, ಹಿಂದಿಂದ ಬಿಲ್ಲು ಬಂತು." (ಎಣ್ಣಿ ಅಂದರೆ ಇಲ್ಲಿ ಹೊಲಕ್ಕೆ ಹೊಡೆಯುವ ಔಷಧ. ಮೈಸೂರು ಕಡೆಯ ಗೆಳೆಯರೊಬ್ಬರು ಅಡುಗೆ ಎಣ್ಣೆ ಅಂದುಕೊಂಡಿದ್ದರು!)

'ಹಾಕು' ಅಂದರೆ ಮಾರು ಎಂಬುದು ಕಂಪನಿ ಕಡೆಯ ವಾದ. ಪೂರಾ ಸುಳ್ಳಲ್ಲ. "ಎರಡು ಕೆಜಿ ಬೆಲ್ಲ ಹಾಕ್ರಿ" ಅನ್ನುತ್ತೇವೆ. ಮನೆಗೆ ಹಾಲು ಹಾಕುವವನಿಗೆ ತಿಂಗಳಾದ ಮೇಲೆ ದುಡ್ಡು ಕೊಡಲೇಬೇಕು. ಆದರೆ ಅಲ್ಲೆಲ್ಲ ಮಾಲು ಬೇಕೆಂದು ಕೇಳಿದವರು ನಾವು. 'ಹೋಗು' ಸೇರಿ 'ಹಾಕಿ ಹೋದ್ರು' ಆದ ಕೂಡಲೇ "ಮನೆ ಮುಂದ ಕಸ ಹಾಕಿ ಹೋದ್ರು" ಎಂಬ ಧ್ವನಿ ಬರುತ್ತದೆ. ನನ್ನ ಕಿವಿಗಂತೂ ಹಾಗೇ ಕೇಳುತ್ತದೆ.

ಕಂಪನಿಯವರ ಮಾತಿನಲ್ಲೇ ಎರಡು ಪದ ಇವೆ: ಅಂಗಡಿಗೆ ಮಾಲು ತುಂಬಿದರೆ ಪ್ಲೇಸ್‌ಮೆಂಟ್, ಅದು ರೈತನ ಕೈ ಸೇರಿದರೆ ಲಿಕ್ವಿಡೇಶನ್. ಟಾರ್ಗೆಟ್ ಮುಟ್ಟಲು ಕಂಪನಿಯವರು ಮೊದಲನೆಯದಕ್ಕೇ ಬಿಲ್ಲು ಮಾಡಿ, ಮಾಲು ವಾಪಸ್ ಬಂದಾಗ ತಕರಾರು ತೆಗೆದರೆ ಜಗಳ ಶುರು. 1930ರ ಸರಕು ಮಾರಾಟ ಕಾಯ್ದೆಯ 24ನೇ ಕಲಮಿನಲ್ಲಿ 'ಒಪ್ಪಿದರೆ ಇಟ್ಟುಕೋ, ಇಲ್ಲದಿದ್ದರೆ ಹಿಂದಿರುಗಿಸು' ಎಂಬ ಬಗೆಯ ವ್ಯವಹಾರಕ್ಕೆ ಜಾಗವಿದೆ. ಬೇಡವೆಂದು ತಿಳಿಸದೆ ನ್ಯಾಯವಾದ ಅವಧಿ ಮೀರಿ ಇಟ್ಟುಕೊಂಡರೆ ಮಾಲು ಕೊಂಡವನದೇ. ನಮ್ಮ ಡೀಲರ್ ಎಂಟು ತಿಂಗಳು ಇಟ್ಟುಕೊಂಡಿದ್ದಾರೆ, ಅದೊಂದು ತೊಡಕು.

'ಸಪ್ಲೈಡ್' ಎಂದು ಬರೆದರೆ ಕಂಪನಿ ಗೆದ್ದಂತೆ. 'ಡಂಪ್ಡ್' ಎಂದರೆ ಡೀಲರ್ ಪರ ನಾನೇ ವಾದ ಮಾಡಿದಂತೆ. ಸದ್ಯಕ್ಕೆ 'ಲೆಫ್ಟ್' ಎಂದು ಬರೆದು ಪಕ್ಕದಲ್ಲಿ ಮೂಲ ಮಾತು ಇಟ್ಟಿದ್ದೇನೆ.

ಇನ್ನೊಂದು ಸಂದೇಹ. ಈ 24ನೇ ಕಲಮಿನ ವ್ಯವಹಾರಕ್ಕೆ ಮುಂಬೈ, ಸೂರತ್ತಿನ ವಜ್ರದ ವ್ಯಾಪಾರಿಗಳು 'ಜಾಂಗಡ್' ಅನ್ನುತ್ತಾರೆ. ಹಳೆಯ ಅಡತಿ ಅಂಗಡಿಗಳಲ್ಲಿ, ಸಿಂಧನೂರು, ಗಂಗಾವತಿ ಕಡೆ, ಇದಕ್ಕೆ ಕನ್ನಡದ್ದೇ ಪದ ಕೇಳಿದವರು ಇದ್ದೀರಾ? ಸೋಮವಾರ ಕರಡು ಒಪ್ಪಿಸಬೇಕು.